ಬೆಟ್ಟದ ಓಟವೂ ಮುಖ್ಯ ಅತಿಥಿಯ ಗಡಿಯಾರವೂ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಮಂತ್ರಣ ಪತ್ರಿಕೆಯೊಂದಿಗೆ ಮನೆಗೆ ಬಂದಿದ್ದ. ಯುಗಾದಿ ಕಳೆದ ಎರಡನೆಯ ಭಾನುವಾರ ನಮ್ಮೂರ ಬೆಟ್ಟಕ್ಕೆ ಓಟದ ಸ್ಪರ್ಧೆ. ಕೆರೆಯ ಏರಿಯಿಂದ ಹೊರಟು, ಬೆಟ್ಟದ ಮೇಲಿನ ಗುಡಿಯನ್ನು ಮುಟ್ಟಿ, ಹಿಂದಿರುಗಬೇಕು. "ಬಾವುಟ ತೋರಿಸಿ ಚಾಲನೆ ಕೊಡುವವರು ನೀವೇ ಆಗಬೇಕು ಸಾರ್" ಎಂದ. ನನಗೂ ಸಂತೋಷವೇ ಆಯಿತು. ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಓದಿದೆ. ಎಂಟೂವರೆಗೆ ಸಭಾ ಕಾರ್ಯಕ್ರಮ, ಪ್ರಾರ್ಥನೆ, ಸ್ವಾಗತ, ಗಣ್ಯರ ನುಡಿ, ಒಂಬತ್ತೂವರೆಗೆ ಓಟ. ಮುಖ್ಯ ಅತಿಥಿಗಳು ಹೇಳಿದ ಹೊತ್ತಿಗೆ ಬಂದರೆ ಒಂಬತ್ತೂವರೆ ಎಂದು ಅರ್ಥ. ಹಾಗೆ ಬಂದವರನ್ನು ನನ್ನ ಸೇವಾವಧಿಯಲ್ಲಿ ನಾನು ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ.

"ನಾನು ಬರುವುದಿಲ್ಲ" ಎಂದೆ. ಅವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಮರುದಿನ ಅವನ ಚಿಕ್ಕಮ್ಮ, ನಮಗೂ ದೂರದ ನೆಂಟರು, ದೂರವಾಣಿ ಮಾಡಿ "ಮಗುವಿನ ಮನಸ್ಸನ್ನು ನೋಯಿಸಿಬಿಟ್ಟಿರಂತೆ" ಎಂದು ಆಕ್ಷೇಪಿಸಿದರು. ಮಗುವಿಗೆ ಈಗ ನಲವತ್ತೆರಡು ವರ್ಷ. ಇರಲಿ. ನಾನು ಏಕೆ ಒಲ್ಲೆನೆಂದೆ ಎಂಬುದನ್ನು ಅವನಿಗೂ, ಇದನ್ನು ಓದುವ ಇತರ ಶಿಷ್ಯರಿಗೂ ಬಂಧುಗಳಿಗೂ ವಿವರಿಸಬೇಕಾಗಿದೆ. ವಿವರಿಸಬೇಕಾದರೆ ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ನಾನು ಸೇವೆಗೆ ಸೇರಿದ ಆರನೆಯ ವರ್ಷ. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿತ್ತು. ವಿಜ್ಞಾನದ ಮೇಷ್ಟರಾಗಿದ್ದ ನನ್ನ ಕೊರಳಿಗೆ ಸೀಟಿಯನ್ನೂ ಕಟ್ಟಿದ್ದರು. ಬೇಸಿಗೆಯ ರಜೆಗೆ ಮುನ್ನ ಇದೇ ಬೆಟ್ಟಕ್ಕೆ ಓಟವನ್ನು ಏರ್ಪಡಿಸಿದ್ದರು. ಬೆಳಿಗ್ಗೆ ಏಳಕ್ಕೆ ಹೊರಡಬೇಕಾದ ಹುಡುಗರು ಕೆರೆ ಏರಿಯ ಮೇಲೆ ಸಾಲಾಗಿ ನಿಂತರು. ಅತಿಥಿಗಳ ಜೀಪು ಬಂದದ್ದು ಹತ್ತಕ್ಕೆ. ಆ ಮೂರು ಗಂಟೆ ಹುಡುಗರು ನೆರಳಿಲ್ಲದೆ ನಿಂತೇ ಇದ್ದರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ಸಲ ನನ್ನ ಬಳಿಗೆ ಬಂದು "ನೀರು ಕುಡಿದು ಬರಲೇ ಸಾರ್" ಎಂದು ಕೇಳಿದ. ಎರಡು ಸಲವೂ ಬೇಡವೆಂದೆ. ಓಡುವ ಮುನ್ನ ನೀರು ಕುಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಓಡುವಾಗ ಕುಡಿದರೆ ಉಸಿರು ಕಟ್ಟುತ್ತದೆ ಎಂಬುದು ನಮಗೆ ನಮ್ಮ ಹಿರಿಯರು ಹೇಳಿಕೊಟ್ಟಿದ್ದ ಶಾಸ್ತ್ರ. ಅದನ್ನು ನಾನು ಪ್ರಶ್ನಿಸಿಯೇ ಇರಲಿಲ್ಲ. ಮಡಕೆಯ ನೀರು ಏಕೆ ತಣ್ಣಗಿರುತ್ತದೆ ಎಂಬ ಪಾಠವನ್ನು ಅದೇ ವಾರ ಅದೇ ಹುಡುಗನಿಗೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಆವಿಯಾಗುವ ನೀರು ಮಡಕೆಯ ಶಾಖವನ್ನು ಹೊತ್ತೊಯ್ಯುತ್ತದೆ ಎಂದು ಬಲ್ಲವನಿಗೆ, ಬೆವರುವ ಮನುಷ್ಯನೂ ಒಂದು ಮಡಕೆಯೇ ಎಂಬುದು ಹೊಳೆಯಲಿಲ್ಲ.

ಅವನೇ ಎಲ್ಲರಿಗಿಂತ ಮುಂದಿದ್ದ. ಗುಡಿಗೆ ಇನ್ನೇನು ಐವತ್ತು ಮೆಟ್ಟಿಲು ಇರುವಾಗ ಓರೆಯೋರೆಯಾಗಿ ಓಡತೊಡಗಿದ. ಹಿಂದಿನಿಂದ ಹತ್ತುತ್ತಿದ್ದ ನನ್ನನ್ನು ಕಂಡು ಯಾರದೋ ಹೆಸರು ಹಿಡಿದು ಕೂಗಿದ, ಬೈದ, ಬಿದ್ದ. ಮೈ ಕೆಂಡದಂತಿತ್ತು. ಸುತ್ತಲಿದ್ದವರು ಗಾಳಿ ಮೆಟ್ಟಿಕೊಂಡಿದೆ ಎಂದರು. ನಾನು ಜೀಪು ತರಿಸಲು ಕೆಳಕ್ಕೆ ಓಡಿದೆ. ಗುಡಿಯ ಮುಂದೆ ಹೂವು ಮಾರುತ್ತಿದ್ದ ಮುದುಕಿಯೊಬ್ಬಳು ಹೂವಿಗೆ ಚಿಮುಕಿಸಲು ಇಟ್ಟುಕೊಂಡಿದ್ದ ಎರಡು ಕೊಡ ನೀರನ್ನೂ ಅವನ ತಲೆಯಿಂದ ಕಾಲಿನವರೆಗೆ ಸುರಿದು, ಅಂಗಿ ಬಿಚ್ಚಿ, ಒದ್ದೆ ಗೋಣಿತಾಟು ಹೊದಿಸಿ, ಮೊರದಿಂದ ಬೀಸುತ್ತ ಕುಳಿತಳು. ಜೀಪು ಬರುವ ಹೊತ್ತಿಗೆ ಹುಡುಗ ತನ್ನ ಹೆಸರನ್ನು ತಾನೇ ಹೇಳಿದ. ಅವನು ಮೂರು ವಾರ ಶಾಲೆಗೆ ಬರಲಿಲ್ಲ. ಬದುಕಿದ. ಇಂದು ಮೊಮ್ಮಗುವನ್ನು ಕಂಡಿದ್ದಾನೆ. ಬಹುಶಃ ಇದನ್ನು ಓದುತ್ತಲೂ ಇರಬಹುದು. ಓದುತ್ತಿದ್ದರೆ, ಅಪ್ಪಾ, ಅಂದು ಕೇಳಬೇಕಾಗಿದ್ದ ಕ್ಷಮೆಯನ್ನು ಇಂದು ಕೇಳುತ್ತಿದ್ದೇನೆ.

ಆ ಮುದುಕಿ ಮಾಡಿದ್ದೇ ಸರಿಯಾದ ಚಿಕಿತ್ಸೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಬುದ್ಧಿ ಭ್ರಮಿಸತೊಡಗಿದರೆ ಅದು ಶಾಖಾಘಾತ. ಅಲ್ಲಿಂದ ಮುಂದಿನ ಅರ್ಧ ಗಂಟೆಯೊಳಗೆ ದೇಹವನ್ನು ತಂಪು ಮಾಡಬೇಕು. ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ, ತಲೆ ಮೇಲಿರುವಂತೆ ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ತೊಟ್ಟಿ ಇಲ್ಲದಿದ್ದರೆ ಕೊಡಗಟ್ಟಲೆ ನೀರು, ಒದ್ದೆ ಬಟ್ಟೆ, ಗಾಳಿ. ಮೊದಲು ತಂಪು, ಆಮೇಲೆ ಆಸ್ಪತ್ರೆಯ ವಾಹನ ಎಂಬುದು ವೈದ್ಯರು ಇಂದು ಹೇಳುವ ಕ್ರಮ. ನಾನು ಜೀಪಿನ ಹಿಂದೆ ಓಡಿದ್ದೆ. ಬೆವರು ನಿಂತು ಚರ್ಮ ಒಣಗಿದ್ದರೆ ಮಾತ್ರ ಶಾಖಾಘಾತ ಎಂಬ ನಂಬಿಕೆಯೂ ಸರಿಯಲ್ಲ. ಓಡಿ ಬಿದ್ದವರ ಮೈ ತೊಯ್ದು ತೊಟ್ಟಿಕ್ಕುತ್ತಿರುವಾಗಲೂ ಅದು ಆಗಿರಬಹುದು. ಓಟ ಮುಗಿಸಿ ಥಟ್ಟನೆ ನಿಂತವರು ರಕ್ತವೆಲ್ಲ ಕಾಲಿಗಿಳಿದು ತಲೆ ಸುತ್ತಿ ಬೀಳುವುದೂ ಉಂಟು. ಅವರನ್ನು ನೆರಳಿನಲ್ಲಿ ಮಲಗಿಸಿ ಕಾಲುಗಳನ್ನು ಎತ್ತಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಳ್ಳುತ್ತಾರೆ. ಬಿದ್ದವನಿಗೆ ಊರು, ತಂದೆಯ ಹೆಸರು, ಇಂದಿನ ವಾರ ಯಾವುದೆಂದು ಕೇಳಿ. ಉತ್ತರ ತಡವರಿಸಿದರೆ ಕೊಡಕ್ಕೆ ಕೈ ಹಾಕಿ.

ಈಗ ನನ್ನ ಶಿಷ್ಯನ ವಾದಕ್ಕೆ ಬರುತ್ತೇನೆ. ಎದ್ದು ಹೋಗುವ ಮುನ್ನ ಅವನು ಮೂರು ಮಾತು ಹೇಳಿದ್ದ. "ಬೆಟ್ಟದ ಮೇಲೆ ತಂಪಿರುತ್ತದಲ್ಲ ಸಾರ್" ಎಂಬುದು ಮೊದಲನೆಯದು.

ಎಷ್ಟು ತಂಪು? ಮೇಲೇರಿದಂತೆ ಗಾಳಿಯ ಉಷ್ಣತೆ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಚಾಮುಂಡಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1060 ಮೀಟರು. ಮೈಸೂರು ನಗರವೇ 760 ಮೀಟರಿನ ಮೇಲಿದೆ. ಆ ಸಾವಿರ ಮೆಟ್ಟಿಲನ್ನು ಹತ್ತಿ ಸಂಪಾದಿಸುವ ತಂಪು ಎರಡು ಡಿಗ್ರಿ. ನಮ್ಮೂರ ಬೆಟ್ಟ ಅದಕ್ಕಿಂತಲೂ ಗಿಡ್ಡ. ನಂದಿಬೆಟ್ಟ 1478 ಮೀಟರಿದ್ದು ಮರಗಳಿಂದ ತುಂಬಿದೆ. ಆ ಮಾತು ಬೇರೆ. ನಮ್ಮದು ಮಧುಗಿರಿಯ, ಸಾವನದುರ್ಗದ ಜಾತಿಯ ಬೋಳುಬಂಡೆ. ಒಂಬತ್ತೂವರೆಗೆ ಆ ಬಂಡೆಯ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ತಂಪಿನ ಮಾತನ್ನು ಹೇಳಿ ನೋಡಲಿ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು. ನಡುವೆ ಓಟಗಾರ ಕಾವಲಿಯ ಮೇಲಿನ ರೊಟ್ಟಿ.

ಬೆಟ್ಟದ ಓಟದ ನಿಜವಾದ ಕಷ್ಟ ಅವನ ಒಳಗಿದೆ. ಒಂದು ಲೆಕ್ಕ ಮಾಡೋಣ. (ಹಳೆಯ ಚಾಳಿ, ಕ್ಷಮಿಸಿ.) 60 ಕಿಲೋಗ್ರಾಂ ತೂಕದ ಮನುಷ್ಯ 300 ಮೀಟರು ಎತ್ತರಕ್ಕೆ ತನ್ನನ್ನು ತಾನು ಎತ್ತಿಕೊಳ್ಳಲು ಬೇಕಾದ ಶಕ್ತಿ ಸುಮಾರು 42 ಕಿಲೋಕ್ಯಾಲೊರಿ. ಆದರೆ ಅವನ ಸ್ನಾಯುಗಳು ಅದಕ್ಕಾಗಿ ಸುಡುವುದು ಅದರ ನಾಲ್ಕೈದು ಪಟ್ಟು. ಉಳಿದದ್ದೆಲ್ಲ ಶಾಖ. ಜೋರಾಗಿ ಹತ್ತುವವನ ಮೈಯಲ್ಲಿ ಹುಟ್ಟುವ ಶಾಖಕ್ಕೆ ಹೊರಹೋಗಲು ದಾರಿಯೇ ಇಲ್ಲದಿದ್ದರೆ ಐದಾರು ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈ ಕಾಯುತ್ತದೆ. ಬಯಲಿನಲ್ಲಿ ಓಡುವವನಿಗೆ ಅವನ ವೇಗವೇ ಬೀಸಣಿಗೆ. ಏರಿನಲ್ಲಿ ವೇಗ ಅರ್ಧಕ್ಕಿಳಿದು ಗಾಳಿ ನಿಲ್ಲುತ್ತದೆ, ಒಲೆ ಮಾತ್ರ ಅಷ್ಟೇ ಉರಿಯುತ್ತಿರುತ್ತದೆ. ಉಳಿದ ದಾರಿ ಬೆವರೊಂದೇ. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಅಂಥ ಪ್ರಯೋಜನವಿಲ್ಲ. ಇದರ ಮೇಲೆ ಪ್ರಾಯೋಜಕರ ಹೆಸರು ಅಚ್ಚೊತ್ತಿದ, ಗಾಳಿಯಾಡದ ಕಪ್ಪು ಅಂಗಿಯನ್ನು ತೊಡಿಸಿದರೆ ಮುಗಿಯಿತು. ಈ ವರ್ಷದ ಅಂಗಿ ಯಾವ ಬಣ್ಣದ್ದೆಂದು ಕೇಳುವುದನ್ನೇ ಮರೆತೆ.

ಎರಡನೆಯ ಮಾತು: "ಹರಕೆ ಹೊತ್ತವರು ಮಟಮಟ ಮಧ್ಯಾಹ್ನವೂ ಬೆಟ್ಟ ಹತ್ತುತ್ತಾರೆ, ಅವರಿಗೇನೂ ಆಗುವುದಿಲ್ಲ." ಹತ್ತುತ್ತಾರೆ, ನಡೆದುಕೊಂಡು. ದಣಿದಾಗ ಕೂರುತ್ತಾರೆ. ಅವರ ಕೈಯಲ್ಲಿ ಕಾಲಮಾಪಕವಿರುವುದಿಲ್ಲ, ಹಿಂದಿನಿಂದ ಯಾರೂ "ಓಡು ಓಡು" ಎಂದು ಅರಚುವುದಿಲ್ಲ. ದಾರಿಯುದ್ದಕ್ಕೂ ಮಂಟಪ ಕಟ್ಟಿಸಿದವರು, ಅರವಟ್ಟಿಗೆ ಇಡಿಸಿದವರು ನಮ್ಮ ಪೂರ್ವಿಕರು. ದಾರಿಹೋಕರಿಗೆ ನೀರು ಕೊಡುವುದನ್ನು ಪುಣ್ಯವೆಂದು ಬಗೆದ ನಾಡಿನಲ್ಲಿ, ಓಡುವ ಹುಡುಗನಿಗೆ ನೀರು ನಿರಾಕರಿಸುವುದನ್ನು ಶಿಸ್ತೆಂದು ನಾವು ಎಲ್ಲಿಂದ ಕಲಿತೆವೋ!

ಮೂಲವನ್ನು ಬಲ್ಲವರು ಹೇಳಲಿ. ಆದರೆ ಅಂಥ ಶಿಸ್ತಿಗೆ ಪ್ರಸಿದ್ಧ ಉದಾಹರಣೆಗಳಿವೆ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟ ಸುಮಾರು 32 ಡಿಗ್ರಿ ಸೆಕೆಯಲ್ಲಿ, ಗುಡ್ಡಗಳ ಏರಿಳಿತದ ಧೂಳಿನ ರಸ್ತೆಯಲ್ಲಿ, ಮಧ್ಯಾಹ್ನ ಮೂರಕ್ಕೆ ಆರಂಭವಾಯಿತು. ದಾರಿಯಲ್ಲಿ ನೀರು ದೊರೆಯುತ್ತಿದ್ದುದು ಒಂದೆರಡು ಕಡೆ ಮಾತ್ರ. ಹೊರಟ 32 ಮಂದಿಯಲ್ಲಿ ಗುರಿ ಮುಟ್ಟಿದವರು 14. ಗೆದ್ದ ಥಾಮಸ್ ಹಿಕ್ಸ್‌ನಿಗೆ ಅವನ ಸಹಾಯಕರು ದಾರಿಯಲ್ಲಿ ಕೊಟ್ಟದ್ದು ಸ್ಟ್ರಿಕ್ನಿನ್ ಎಂಬ ವಿಷವನ್ನೂ ಬ್ರಾಂದಿಯನ್ನೂ. 1912ರಲ್ಲಿ ಸ್ಟಾಕ್‌ಹೋಮ್‌ನ ಬಿಸಿಲಿನಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಜಾರೊ ಕುಸಿದುಬಿದ್ದು ಮರುದಿನ ತೀರಿಕೊಂಡ. ಬಿಸಿಲು ತಾಗದಿರಲೆಂದು ಮೈಗೆ ಮೇಣ ಬಳಿದುಕೊಂಡಿದ್ದನಂತೆ. ಬೆವರಿನ ದಾರಿಯನ್ನೇ ಮುಚ್ಚಿದ ಹಾಗಾಯಿತು. ಅದೇ ಓಟದಲ್ಲಿ ಜಪಾನಿನ ಶಿಜೊ ಕನಕುರಿ ಸೆಕೆ ತಾಳಲಾರದೆ ದಾರಿಬದಿಯ ಮನೆಯೊಂದರ ತೋಟಕ್ಕೆ ಹೋಗಿ, ಅವರು ಕೊಟ್ಟ ಪಾನೀಯ ಕುಡಿದು, ಓಟವನ್ನು ಬಿಟ್ಟು, ಸದ್ದಿಲ್ಲದೆ ತನ್ನ ದೇಶಕ್ಕೆ ಮರಳಿದ. 1967ರಲ್ಲಿ ಸ್ವೀಡನ್ನಿನವರು ಕರೆಸಿಕೊಂಡಾಗ ಉಳಿದ ದೂರವನ್ನು ಪೂರೈಸಿದ. ತೆಗೆದುಕೊಂಡ ಕಾಲ 54 ವರ್ಷ, 8 ತಿಂಗಳು, ಚಿಲ್ಲರೆ. ನನ್ನ ದೃಷ್ಟಿಯಲ್ಲಿ ಆ ದಿನ ಬುದ್ಧಿವಂತನಾಗಿ ಓಡಿದವನು ಇವನೇ.

ನೀರನ್ನು ಸಮರ್ಥಿಸುತ್ತಿದ್ದೇನೆಂದು ಯಾರೂ ಸೊಂಟಕ್ಕೆ ನಾಲ್ಕು ಬಾಟಲಿ ಕಟ್ಟಿಕೊಂಡು ಹೊರಡಬೇಕಾಗಿಲ್ಲ. ಬಾಯಾರಿಕೆ ಇರಲಿ ಬಿಡಲಿ ಗಟಗಟನೆ ಕುಡಿಯುತ್ತಿರಬೇಕೆಂಬುದು ಈಗಿನವರ ಮೂಢನಂಬಿಕೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಿದವರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಉಪ್ಪಿನ ಅಂಶ ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಅತಿಯಾಗಿ ಕುಡಿದದ್ದೇ ಮುಖ್ಯ ಕಾರಣ. ಅದರಿಂದಲೂ ಸಾವು ಬರುತ್ತದೆ. ಬಾಯಾರಿದಾಗ ಕುಡಿಯಿರಿ, ತಲೆಯ ಮೇಲೂ ಸುರಿದುಕೊಳ್ಳಿ, ಅಷ್ಟು ಸಾಕು. ರಾಮನವಮಿಗೆ ಬೀದಿಬೀದಿಯಲ್ಲಿ ಹಂಚುವ ಬೆಲ್ಲದ ಪಾನಕ, ಉಪ್ಪು ಹಾಕಿದ ನೀರುಮಜ್ಜಿಗೆ ನಮ್ಮಲ್ಲಿರುವಾಗ ಬಣ್ಣದ ನೀರಿಗೆ ದುಡ್ಡು ಸುರಿಯಬೇಕೆ? ನಮ್ಮ ಅಜ್ಜಿಯಂದಿರು ಚೈತ್ರದ ಬಿಸಿಲಿಗೆ ತಕ್ಕ ಪಾನೀಯವನ್ನು ಹಬ್ಬದ ನೆಪದಲ್ಲಿ ಕುಡಿಸುತ್ತಿದ್ದರು.

ಮೂರನೆಯ ಮಾತನ್ನು ಅವನು ಎದೆಯುಬ್ಬಿಸಿ ಹೇಳಿದ: "ಬಿಸಿಲನ್ನು ತಡೆದುಕೊಳ್ಳುವುದೂ ಸಾಧನೆಯೇ ಅಲ್ಲವೆ ಸಾರ್?" ಈ ಮಾತಿಗೇ ನನಗೆ ಹೆಚ್ಚು ಸಿಟ್ಟು ಬಂದದ್ದು. ತಡೆದುಕೊಳ್ಳುವ ಶಕ್ತಿ ಬರುತ್ತದೆ, ನಿಜ. ದಿನಕ್ಕೊಂದು ಗಂಟೆಯಂತೆ ಬಿಸಿಲಿನಲ್ಲಿ ಹತ್ತು ಹದಿನಾಲ್ಕು ದಿನ ಮೈ ದಂಡಿಸಿದರೆ ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ. ಗದ್ದೆಯಲ್ಲಿ ದುಡಿಯುವವನಿಗೆ ಇದು ತಾನಾಗಿ ಬಂದಿರುತ್ತದೆ. ಆದರೆ ಪಟ್ಟಿಯಲ್ಲಿ ಹೆಸರು ಬರೆಸಿರುವವರಲ್ಲಿ ಅರ್ಧದಷ್ಟು ಮಂದಿ ಬೆಂಗಳೂರಿನಲ್ಲಿ ತಂಪುಯಂತ್ರದ ಕೆಳಗೆ ಕುಳಿತು ದುಡಿಯುವವರೆಂದು ಅವನೇ ಹೇಳಿದ. ಶನಿವಾರ ರಾತ್ರಿಯ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಭಾನುವಾರ ಓಡುವವರು ಎಲ್ಲಿಯ ಸಾಧನೆ ಮಾಡಿಯಾರು? ಅವರ ಮನೋಬಲ ಅವರನ್ನು ರಕ್ಷಿಸುವುದಿಲ್ಲ. ಅಂದು ನನ್ನ ಕಣ್ಣೆದುರು ಬಿದ್ದವನು ಹುಡುಗರಲ್ಲೆಲ್ಲ ಹೆಚ್ಚು ಮನೋಬಲವಿದ್ದವನು. ಸೋಮಾರಿಗಳು ಅರ್ಧದಲ್ಲೇ ಬೇವಿನ ಮರದ ಕೆಳಗೆ ಕುಳಿತಿದ್ದರು.

ದೊಡ್ಡ ದೊಡ್ಡ ಸಂಘಟಕರೇ ಬಿಸಿಲಿನೊಡನೆ ಜಗಳವಾಡದೆ ಗಡಿಯಾರವನ್ನು ತಿದ್ದಿಕೊಂಡಿದ್ದಾರೆ. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ನಡುರಾತ್ರಿ ಆರಂಭವಾಯಿತು. ಆದರೂ ಹೊರಟ 68 ಮಂದಿಯಲ್ಲಿ 28 ಮಂದಿ ಪೂರೈಸಲಾಗಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನವರು ಮ್ಯಾರಥಾನನ್ನು ಉತ್ತರದ ಸಪ್ಪೊರೊಗೆ ಒಯ್ದರು. 2021ರ ಆಗಸ್ಟಿನಲ್ಲಿ ಅಲ್ಲಿಯೂ ಸೆಕೆ ಏರಿದಾಗ ಹಿಂದಿನ ಸಂಜೆಯೇ ನಿರ್ಧರಿಸಿ ಮಹಿಳೆಯರ ಓಟವನ್ನು ಏಳರ ಬದಲು ಆರಕ್ಕೆ ಹೊರಡಿಸಿದರು. ಒಲಿಂಪಿಕ್ಸ್ ಒಂದು ಗಂಟೆ ಹಿಂದಕ್ಕೆ ಸರಿಯಬಹುದಂತೆ, ನಮ್ಮೂರ ಸ್ವಾಗತ ಭಾಷಣ ಸರಿಯಲಾರದಂತೆ.

ಮುಖ್ಯ ಅತಿಥಿಗಳ ಮೇಲೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಅವರು ಬರಲಿ, ಮಾತನಾಡಲಿ, ಹಾರ ಹಾಕಿಸಿಕೊಳ್ಳಲಿ. ಓಟ ಮುಗಿದ ಮೇಲೆ, ಶಾಮಿಯಾನದ ಕೆಳಗೆ, ಬಹುಮಾನ ವಿತರಣೆಯ ಹೊತ್ತಿಗೆ ಅದೆಲ್ಲ ಆಗಬಹುದು. ಏಪ್ರಿಲಿನಲ್ಲಿ ನಮ್ಮ ಕಡೆ ಆರು ಗಂಟೆಯ ಸುಮಾರಿಗೆ ಬೆಳಕು ಹರಿದಿರುತ್ತದೆ, ಬಂಡೆ ರಾತ್ರಿಯಿಡೀ ಆರಿರುತ್ತದೆ. ಎಂಟರೊಳಗೆ ಕೊನೆಯವನೂ ಇಳಿದು ಬಂದಿರಬೇಕು. ಅರ್ಧ ದಾರಿಯಲ್ಲೊಂದು, ಗುಡಿಯ ಮುಂದೊಂದು ದೊಡ್ಡ ಡ್ರಮ್ಮಿನಲ್ಲಿ ನೀರು, ಪಕ್ಕದಲ್ಲಿ ಗೋಣಿತಾಟು, ಕೊಡ, ಮೊರ, ಮತ್ತು ಅವುಗಳನ್ನು ಬಳಸಬಲ್ಲ ಇಬ್ಬಿಬ್ಬರು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಅವನ ಚಿಕ್ಕಮ್ಮನ ಕೈಯಲ್ಲೇ ಕಳುಹಿಸಿಕೊಟ್ಟೆ.

ನಿನ್ನೆ ರಾತ್ರಿ ಅವನೇ ದೂರವಾಣಿ ಮಾಡಿದ. ಧ್ವನಿಯಲ್ಲಿ ಇನ್ನೂ ಮುನಿಸಿತ್ತು. ಪತ್ರಿಕೆಗಳು ಅಚ್ಚಾಗಿಬಿಟ್ಟಿವೆಯಂತೆ, ಮೇಲೆ ಚೀಟಿ ಅಂಟಿಸುತ್ತಾರಂತೆ. ಓಟ ಆರಕ್ಕೆ, ಅತಿಥಿಗಳು ಒಂಬತ್ತಕ್ಕೆ. "ಅಷ್ಟು ಬೆಳಿಗ್ಗೆ ನೀವು ಏಳುತ್ತೀರಾ ಸಾರ್?" ಎಂದು ಕೇಳಿದ. ಐದೂವರೆಗೆ ಕೆರೆ ಏರಿಯ ಮೇಲಿರುತ್ತೇನೆ, ಕೆಳಗಿನ ಡ್ರಮ್ಮನ್ನು ನಾನೇ ನೋಡಿಕೊಳ್ಳುತ್ತೇನೆ, ಮೇಲಿನದಕ್ಕೆ ಯಾರನ್ನು ನಿಲ್ಲಿಸುತ್ತೀ ಹೇಳು ಎಂದೆ. ಅದನ್ನು ಅವನು ಇನ್ನೂ ಹೇಳಿಲ್ಲ. ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಆ ಭಾನುವಾರ ಬಿಡುವಿದ್ದರೆ ನನಗೆ ತಿಳಿಸಿ.