ಖಾಲಿ ಅಲ್ಲ, ಬಯಲು

ನಮ್ಮ ಅರಳಸುರಳಿ ಕಡೆಯವರು ಶಿವಮೊಗ್ಗಕ್ಕೆ ಹೋದಾಗ, ಬಸ್ಸಿಗೆ ಇನ್ನೂ ಹೊತ್ತಿದ್ದರೆ, ಹಳೇ ಜೈಲಿನ ಆವರಣಕ್ಕೊಮ್ಮೆ ಹೋಗಿ ಬನ್ನಿ. ಕೈದಿಗಳನ್ನು ಸೋಗಾನೆಯ ಜೈಲಿಗೆ ಸಾಗಿಸಿದ ಮೇಲೆ ಪೇಟೆಯ ನಡುವೆ ಉಳಿದ ಸರ್ಕಾರಿ ನೆಲ ಅದು. ಫ್ರೀಡಂ ಪಾರ್ಕ್ ಎಂದು ಕರೆದರು. 2024ರ ಜನವರಿ 12ರಂದು ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ಅಲ್ಲೇ. ಈಗ ಅದಕ್ಕೆ ನಮ್ಮ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮಪ್ರಭುವಿನ ಹೆಸರು.

ಹೆಸರೇನೋ ಸರಿಯಾಗೇ ಬಿದ್ದಿದೆ. ಅಲ್ಲಮನ ವಚನಗಳಲ್ಲಿ ಬಯಲು ದೊಡ್ಡ ಮಾತು. ನಮ್ಮ ಕಚೇರಿಗಳಿಗೆ ಮಾತ್ರ ಬಯಲು ಕಂಡರೆ ಬರುವ ಮಾತು ಒಂದೇ: "ಖಾಲಿ ಬಿದ್ದಿದೆ." ಅಷ್ಟು ಅಂದರೆ ಸಾಕು, ಮೊದಲು ಒಂದು ಭವನ, ಆಮೇಲೆ ನಾಲ್ಕು ಮಳಿಗೆ, ಕೊನೆಗೆ ಬೇಲಿ.

ಬೆಂಗಳೂರಿನ ಕಬ್ಬನ್ ಪಾರ್ಕ್ 1870ರದ್ದು. ಅಷ್ಟು ಹಳೆಯ, ಅಷ್ಟು ಹೆಸರಾದ ಪಾರ್ಕನ್ನು ಕಾಯಲೂ 1975ರಲ್ಲಿ ಸರ್ಕಾರಿ ಉದ್ಯಾನಗಳ ಕಾಯ್ದೆಯೇ ಬೇಕಾಯಿತು. ಉಳಿದ ಪಾರ್ಕು, ಆಟದ ಮೈದಾನಗಳಿಗೆಂದು 1985ರಲ್ಲಿ ಮತ್ತೊಂದು ಕಾಯ್ದೆ ಬಂತು. ರಾಜಧಾನಿಯ ಮರಗಳಿಗೇ ಕಾಗದದ ಆಸರೆ ಬೇಕೆಂದ ಮೇಲೆ ಹಳ್ಳಿಯ ಗೋಮಾಳದ ಗತಿಯೇನು?

ನಮ್ಮ ಕಡೆ ಸಂಜೆ ಹೊತ್ತು ನೋಡಿ. ಎರಡು ಅಡಿಕೆ ಕಂಬಕ್ಕೆ ಕಟ್ಟಿದ ವಾಲಿಬಾಲ್ ನೆಟ್, ಅಂಚಿನಲ್ಲಿ ಬಿಟ್ಟ ಚಪ್ಪಲಿ, ಆಚೆ ಮೇಯುವ ದನ. ಮೂರು ತಲೆಮಾರು ಆಡಿದ ಜಾಗವಾದರೂ ಪಹಣಿಯಲ್ಲಿ ಆಟದ ಸುದ್ದಿಯೇ ಇರುವುದಿಲ್ಲ. ನಾಳೆ ಯಾರಾದರೂ ನಕ್ಷೆ ಹಿಡಿದು ಬಂದರೆ ತೋರಿಸಲು ನಮ್ಮ ಕೈಯಲ್ಲಿ ಏನಿದೆ?

ಆಸ್ಪತ್ರೆಗೆ, ಬಡವರ ನಿವೇಶನಕ್ಕೆ ಜಾಗ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಆಟದ ಬಯಲನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಊರನ್ನು ಕೇಳಬೇಕು. ಬಯಲನ್ನು ಉಳಿಸಿಕೊಳ್ಳಲು ಕಾನೂನಿನಲ್ಲೇ ದಾರಿ ಇದೆ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂನಡಿ ಜಿಲ್ಲಾಧಿಕಾರಿ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಬಹುದು. ನಗರಸಭೆಗೋ ಪಂಚಾಯಿತಿಗೋ ಜಾಗ ಹಸ್ತಾಂತರಿಸುವಾಗ ಆದೇಶದಲ್ಲೇ "ಆಟಕ್ಕೆ, ವಿಹಾರಕ್ಕೆ ಮಾತ್ರ" ಎಂದು ಬರೆಸಬೇಕು. ಆ ಸಾಲಿಲ್ಲದ ಹಸ್ತಾಂತರ ಬರೀ ಯಜಮಾನನ ಬದಲಾವಣೆ.

ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಕೂಡಿಟ್ಟಿದ್ದ ಬೆಂಗಳೂರಿನ ಜೈಲೂ ಇಂದು ಫ್ರೀಡಂ ಪಾರ್ಕ್. ಜನ ಧರಣಿ ಕೂರುವುದು ಅಲ್ಲೇ. ಜೈಲೇ ಬಯಲಾದ ನಾಡಿನಲ್ಲಿ ಇದ್ದ ಬಯಲು ಉಳಿಸಿಕೊಳ್ಳುವುದು ಕಷ್ಟವಾಗಬಾರದು.

ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ವಾಲಿಬಾಲ್ ಹುಡುಗರನ್ನೂ ಕರೆದುಕೊಂಡು ಹೋಗಿ. ಆ ಬಯಲಿನ ಸರ್ವೆ ನಂಬರಿನ ಚೀಟಿ ಅವರ ಕೈಯಲ್ಲೇ ಇರಲಿ.