ಪೇಟೆಯ ಅಗ್ಗ ಯಾರಿಗೆ?

ದಿನಸಿಯ ಧಾರಣೆ ಏರಿತೆಂದು ದುಡಿಯುವವನು ಬಾಯಿ ತೆರೆದಾಗಲೆಲ್ಲ ಅವನಿಗಾಗಿ ಒಂದು ಉಪದೇಶ ಸಿದ್ಧವಾಗಿರುತ್ತದೆ: "ಓಣಿಯ ಅಂಗಡಿಯಲ್ಲಿ ಯಾಕಪ್ಪಾ ಕೊಳ್ಳುತ್ತೀ? ದೊಡ್ಡ ಪೇಟೆಗೆ ಹೋಗು, ಸಗಟಿನಲ್ಲಿ ಕೊಳ್ಳು, ನಾಲ್ಕು ಕಾಸು ಉಳಿಸು." ಹೀಗೆ ಹೇಳುವವರಲ್ಲಿ ಗಿರಣಿಯ ಮ್ಯಾನೇಜರರಿದ್ದಾರೆ, ಮಿತವ್ಯಯದ ಪಾಠ ಬರೆಯುವ ಪಂಡಿತರಿದ್ದಾರೆ, ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವ ಮಹನೀಯರಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಸೇರಿಸಲು ಅವರು ಮರೆಯುವುದಿಲ್ಲ. ಆ ಹಾಸಿಗೆಯನ್ನು ವರ್ಷ ವರ್ಷವೂ ಕತ್ತರಿಸುತ್ತಿರುವವರು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ.

ಈ ಉಪದೇಶ ಪೂರ್ತಿ ಸುಳ್ಳೆಂದು ನಾವು ವಾದಿಸುವುದಿಲ್ಲ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ, ಯಶವಂತಪುರದ ಯಾರ್ಡಿನಲ್ಲಿ, ಹುಬ್ಬಳ್ಳಿಯ ಅಮರಗೋಳದಲ್ಲಿ ಮಾಲು ಅಗ್ಗವೆಂಬುದು ನಿಜ. ಅಲ್ಲಿ ಲಾರಿಗಟ್ಟಲೆ ಬಂದ ಮಾಲು ಲಾಟುಗಟ್ಟಲೆ ಮಾರಾಟವಾಗುತ್ತದೆ. ಒಂದೇ ಸಾಲಿನಲ್ಲಿ ಹತ್ತು ಜನ ಒಂದೇ ಸರಕನ್ನು ಮಾರುವುದರಿಂದ ಒಬ್ಬನು ಬೆಲೆ ಏರಿಸಿದರೆ ಗಿರಾಕಿ ಪಕ್ಕದವನ ಕಡೆಗೆ ತಿರುಗುತ್ತಾನೆ. ಸಂಜೆಯಾದರೆ ಸೊಪ್ಪು, ಟೊಮ್ಯಾಟೊ ಬಾಡುತ್ತದೆಂದು ಬಂದ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇದಿಷ್ಟೂ ನಿಜ. ಆದರೆ ಅರ್ಧ ನಿಜ.

ಉಳಿದ ಅರ್ಧವನ್ನು ತಿಳಿಯಲು ಶಾಲೆಯ ಮಕ್ಕಳ ಲೆಕ್ಕವೊಂದನ್ನು ಮಾಡಿ ನೋಡೋಣ. ಒಂದು ಸಂಸಾರಕ್ಕೆ ತಿಂಗಳಿಗೆ ಬೇಕಾದ ಬೇಳೆ, ಎಣ್ಣೆ, ಸಕ್ಕರೆ, ಮೆಣಸಿನಕಾಯಿಗಳನ್ನು ದೊಡ್ಡ ಪೇಟೆಯಲ್ಲಿ ಕೊಂಡರೆ 150 ರೂಪಾಯಿ ಉಳಿಯಿತೆಂದು ಇಟ್ಟುಕೊಳ್ಳಿ. ಹೋಗಿಬರಲು ಬಸ್ಸಿಗೆ 50 ರೂಪಾಯಿ. ನಿಲ್ದಾಣದಿಂದ ಮನೆಗೆ ಚೀಲ ಹೊತ್ತು ತರಲು ಆಟೋಕ್ಕೆ 80. ಕೈಯಲ್ಲಿ ಉಳಿದದ್ದು 20 ರೂಪಾಯಿ. ಅದಕ್ಕಾಗಿ ಹೋದದ್ದು ಅರ್ಧ ದಿನ. ರಾತ್ರಿ ಪಾಳಿ ಮುಗಿಸಿ ಬಂದವನು ನಿದ್ದೆ ಬಿಟ್ಟು ಹೋಗಬೇಕು, ಹಗಲು ಪಾಳಿಯವನು ಕೂಲಿ ಬಿಟ್ಟು ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟು ಬಿಟ್ಟಿಯಾಯಿತು. ಇದು ಒಳ್ಳೆಯ ಕೆಲಸವೇ. ಆದರೆ ಹೊರೆ ಬಿಟ್ಟಿಯಾಗಲಿಲ್ಲ. ಗಂಡಸಿನ ಅರ್ಧ ದಿನದ ಬದಲು ಹೆಂಗಸಿನ ಅರ್ಧ ದಿನ ಹೋಯಿತು, ಅಷ್ಟೆ. ಆಕೆಯ ದುಡಿಮೆಗೆ ಬೆಲೆ ಕಟ್ಟುವ ಪದ್ಧತಿ ಇಲ್ಲವಾದ್ದರಿಂದ ಅದು ಉಳಿತಾಯದಂತೆ ಕಾಣುತ್ತದೆ.

ಇದಕ್ಕಿಂತ ದೊಡ್ಡ ತೊಡಕು ನಗದಿನದು. ಸಗಟಿನಲ್ಲಿ ಕೊಳ್ಳಲು ಕೈಯಲ್ಲಿ ಒಟ್ಟಿಗೆ ಹಣ ಬೇಕು. ಬಟವಾಡೆಯ ದಿನ ಬಂದ ಹಣ ಮನೆ ಬಾಡಿಗೆಗೆ, ಹಳೆಯ ಉದ್ರಿಗೆ, ಮಕ್ಕಳ ಶಾಲೆಗೆ ಹಂಚಿಹೋಗುತ್ತದೆ. ತಿಂಗಳ ಇಪ್ಪತ್ತನೆಯ ತಾರೀಖಿಗೆ ಅವನು ಕಾಲು ಕಿಲೋ ಬೇಳೆ ಕೊಳ್ಳುವವನು. ಮೂಟೆಯ ದರ ಅವನಿಗೆ ಕನ್ನಡಿಯೊಳಗಿನ ಗಂಟು. ಹೀಗೆ ಹೆಚ್ಚು ಹಣವುಳ್ಳವನಿಗೆ ಕಡಿಮೆ ಬೆಲೆ, ಕಡಿಮೆ ಹಣವುಳ್ಳವನಿಗೆ ಹೆಚ್ಚು ಬೆಲೆ.

ಕಾನೂನೂ ಇದೇ ದಾರಿ ಹಿಡಿದದ್ದುಂಟು. 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಹಿಟ್ಟು, ಬೇಳೆಗಳ ಮೇಲೆ, ಬ್ರಾಂಡು ಇರಲಿ ಇಲ್ಲದಿರಲಿ, ಶೇಕಡಾ 5ರ ಜಿ.ಎಸ್.ಟಿ. ಹಾಕಲಾಯಿತು. 25 ಕಿಲೋ ಮೀರಿದ ಚೀಲಕ್ಕೆ ಮಾತ್ರ ವಿನಾಯಿತಿ. ಅದರ ಬೆನ್ನಿಗೇ 26 ಕಿಲೋ ಅಕ್ಕಿಯ ಚೀಲಗಳು ಅಂಗಡಿಗಳಿಗೆ ಬಂದುವು. ದೊಡ್ಡ ಚೀಲ ಕೊಳ್ಳಬಲ್ಲವನು ತೆರಿಗೆಯಿಂದ ಪಾರಾದ. ಒಂದು ಕಿಲೋ ಪೊಟ್ಟಣ ಕೊಂಡವನು ತೆರಿಗೆ ತೆತ್ತ. ಚೀಲ ಬಿಚ್ಚಿ ತೂಗಿ ಕೊಟ್ಟರೆ ಆ ತೆರಿಗೆ ಇರಲಿಲ್ಲ. ಬಡವನನ್ನು ಅದರಿಂದ ಉಳಿಸಿದವನು ಯಾರು? ತಕ್ಕಡಿ ಹಿಡಿದು ಕೂತ ಓಣಿಯ ಅಂಗಡಿಯವನೇ!

ಹಾಗಾದರೆ ಬೆಲೆಯ ಅಂತರವೆಲ್ಲ ಎಲ್ಲಿಗೆ ಹೋಗುತ್ತದೆ? ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಗ್ರಾಹಕನು ಕೊಟ್ಟ ಒಂದು ರೂಪಾಯಿಯಲ್ಲಿ ಟೊಮ್ಯಾಟೊ ಬೆಳೆದ ರೈತನಿಗೆ ಸಿಗುವುದು ಸುಮಾರು 33 ಪೈಸೆ, ಈರುಳ್ಳಿ ಬೆಳೆದವನಿಗೆ 36, ಆಲೂಗಡ್ಡೆ ಬೆಳೆದವನಿಗೆ 37. ಉಳಿದ ಮೂರರಲ್ಲಿ ಎರಡು ಪಾಲು ಸಾಗಣೆ, ಹಮಾಲಿ, ದಲಾಲಿ, ಹಾಳಾದ ಮಾಲು, ಸಗಟು ಲಾಭ, ಚಿಲ್ಲರೆ ಲಾಭಗಳಲ್ಲಿ ಹಂಚಿಹೋಗುತ್ತದೆ. ಅದರಲ್ಲಿ ಕಿರಾಣಿ ಅಂಗಡಿಯವನ ಪಾಲೂ ಇದೆ, ನಿಜ. ಆದರೆ ಅವನೊಬ್ಬನೇ ಕಳ್ಳನೆಂದು ಬೆರಳು ತೋರಿಸುವುದು ಮಂಡಿ ಸಾಹುಕಾರನಿಗೆ ಬಹಳ ಅನುಕೂಲ. ಅಂಗಡಿಯವನೂ ಮಂಡಿಯಲ್ಲಿ ಉದ್ರಿಯ ಮೇಲೆಯೇ ಮಾಲು ಎತ್ತುವವನು. ಅಲ್ಲಿ ಅವನು ತೆತ್ತ ಬಡ್ಡಿಯೇ ಕಾರ್ಮಿಕನ ಬೇಳೆಯ ದರದಲ್ಲಿ ಕೂತಿರುತ್ತದೆ.

ಇನ್ನು ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಸಾಮಾನು ತರುತ್ತೇವೆನ್ನುವ ಕಂಪನಿಗಳ ಮಾತು. ನಷ್ಟ ತಡೆದುಕೊಳ್ಳುವಷ್ಟು ಬಂಡವಾಳ ಇರುವವರೆಗೆ ಅವರು ಅಗ್ಗಕ್ಕೆ ಕೊಡಬಲ್ಲರು. ಪಕ್ಕದ ಅಂಗಡಿಗಳು ಮುಚ್ಚಿದ ಮೇಲೆ ಏನು ಬೆಲೆ ಹೇಳುತ್ತಾರೆ? ಗಿರಣಿಗೆ ಬೀಗ ಬಿದ್ದ ತಿಂಗಳಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ತೂಗಿ ಕೊಡುವವರು ಇವರೇ? ಮುಷ್ಕರದ ದಿನಗಳನ್ನು ಕಂಡ ಕಾರ್ಮಿಕರು ತಾವೇ ಉತ್ತರ ಹೇಳಲಿ.

ಹಾಗೆಂದು ಅಂಗಡಿಯ ಬಂಧುಗಳನ್ನು ಹೊಗಳಿ ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ಉದ್ರಿಯ ಗಿರಾಕಿ ಪ್ರಶ್ನೆ ಕೇಳಲಾರನೆಂದು ಅವನಿಗೆ ಹಳೆಯ ಬೇಳೆ, ಕಡಿಮೆ ತೂಕ ಕೊಡುವವರು ನಿಮ್ಮಲ್ಲಿಲ್ಲವೇ? ಉದ್ರಿಯ ಬಡ್ಡಿಯನ್ನು ಬೆಲೆಯೊಳಗೆ ಬಚ್ಚಿಟ್ಟು, ರೊಕ್ಕ ಕೊಟ್ಟವನಿಂದಲೂ ಅದೇ ಬೆಲೆ ಎಳೆಯುವವರಿಲ್ಲವೇ? 2009ರ ಕಾನೂನುಮಾಪನ ಶಾಸ್ತ್ರ ಅಧಿನಿಯಮದಂತೆ ತೂಕದ ಕಲ್ಲಿಗೂ ತಕ್ಕಡಿಗೂ ಇಲಾಖೆಯ ಮುದ್ರೆ ಇರಬೇಕು. ಅದನ್ನು ಗಿರಾಕಿಗೆ ಕಾಣುವಂತೆ ಇಡಿ. ನಗದು ಬೆಲೆ ಬೇರೆ, ಉದ್ರಿ ಬೆಲೆ ಬೇರೆ ಎಂದು ಹಲಗೆಯ ಮೇಲೆ ಬರೆಯಿರಿ. ಕಾರ್ಮಿಕನು ನಿಮ್ಮನ್ನು ಬಿಟ್ಟು ಪೇಟೆಗೆ ಓಡುವುದು ಬೇಡವೆಂದರೆ ಮೊದಲು ಇಷ್ಟನ್ನು ಮಾಡಬೇಕು.

ದಾರಿ ಹೊಸದೇನಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ ನೇಕಾರರೂ ಇತರ ಕಸಬುದಾರರೂ ಸೇರಿ 28 ಮಂದಿ, 28 ಪೌಂಡು ಕೂಡಿಸಿ, 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಇಟ್ಟ ಮಾಲು ಹಿಟ್ಟು, ಬೆಣ್ಣೆ, ಸಕ್ಕರೆಯಂಥ ನಾಲ್ಕಾರು ಬಗೆ. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ. ಬಂದ ಲಾಭ ಕೊಂಡವನಿಗೆ ಅವನು ಕೊಂಡಷ್ಟರ ಪ್ರಮಾಣದಲ್ಲಿ. ನಮ್ಮ ನಾಡೇನು ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದರು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರಿಗಾಗಿ ಹುಟ್ಟಿದ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. 1962ರ ಯುದ್ಧದ ಬಳಿಕ ಸರ್ಕಾರವೇ ಊರೂರಲ್ಲಿ ಬಳಕೆದಾರರ ಸಹಕಾರಿ ಭಂಡಾರಗಳಿಗೆ ಹಣ ಕೊಟ್ಟಿತು. ಅವುಗಳಲ್ಲಿ ಎಷ್ಟೋ ಬಾಗಿಲು ಮುಚ್ಚಿದುವು. ಮೇಲಿಂದ ಬಂದ ಭಂಡಾರವನ್ನು ಕೊಳ್ಳುವವನು ತನ್ನದೆಂದು ತಿಳಿಯದಿದ್ದರೆ ಅದನ್ನು ಕಾಯುವವರು ಯಾರು?

ಈಗ ಮೊದಲಿನ ಲೆಕ್ಕಕ್ಕೆ ಬನ್ನಿ. ಹತ್ತು ಮನೆಗಳು ಕೂಡಿ ಕೊಂಡರೆ ಉಳಿಯುವುದು 1500 ರೂಪಾಯಿ. ಒಂದು ಸಾಮಾನು ಆಟೋಕ್ಕೆ 400 ಕೊಟ್ಟರೂ 1100 ಉಳಿಯಿತು. ತರುವ ಕೆಲಸವನ್ನು ಓಣಿಯ ಅಂಗಡಿಯವನಿಗೇ ಒಪ್ಪಿಸಿ. ಹೇಗೂ ಅವನು ಯಾರ್ಡಿಗೆ ಹೋಗುವವನೇ. ಮಾಲಿನ ಗುಣ ಬಲ್ಲ, ತಕ್ಕಡಿಯಿದೆ, ಇಡಲು ಜಾಗವಿದೆ. ನೀವು ಮುಂಗಡ ಕೊಟ್ಟರೆ ಅವನು ಮಂಡಿಯ ಬಡ್ಡಿಯಿಂದ ಪಾರಾಗುತ್ತಾನೆ. ಮಂಡಿಯ ರಸೀದಿ ಎಲ್ಲರೂ ನೋಡಲಿ. ಅವನ ಶ್ರಮಕ್ಕೆ 300 ರೂಪಾಯಿ ಗೊತ್ತುಮಾಡಿದರೂ ಮನೆಗೆ 80 ಉಳಿಯುತ್ತದೆ. ಯಾರ ಕೂಲಿಯೂ ಹೋಗಲಿಲ್ಲ, ಯಾರ ನಿದ್ದೆಯೂ ಕೆಡಲಿಲ್ಲ.

ಒಂದು ಎಚ್ಚರಿಕೆ. ಹೀಗೆ ಉಳಿಸಿದ ಹಣ ನಮ್ಮದು. ಮಾಲೀಕನು ಅದನ್ನು ತೋರಿಸಿ ಕೂಲಿಯ ಬೇಡಿಕೆಯನ್ನು ತಳ್ಳಿಹಾಕಲು ಬಿಡಬಾರದು. ಕನಿಷ್ಠ ವೇತನದ ತುಟ್ಟಿಭತ್ಯೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿರುವುದು ಬೆಲೆ ಏರಿದಷ್ಟೂ ಕೂಲಿ ಏರಬೇಕೆಂದೇ ಹೊರತು, ಕಾರ್ಮಿಕನು ಅಗ್ಗದ ಅಂಗಡಿ ಹುಡುಕಿಕೊಂಡು ಅಲೆಯಲೆಂದಲ್ಲ.

ಮುಂದಿನ ಬಟವಾಡೆಗೆ ಮೊದಲು ಪ್ರತಿ ಓಣಿಯಲ್ಲಿ ಹತ್ತು ಮನೆಯವರು ಸೇರಲಿ, ಅಂಗಡಿಯವನನ್ನೂ ಕರೆಯಲಿ. ಬೇಳೆ, ಎಣ್ಣೆ, ಸಕ್ಕರೆ, ಈ ಮೂರರಿಂದ ಆರಂಭಿಸಿ. ಪಟ್ಟಿ ಬರೆಯಿರಿ, ಹಣ ಕೂಡಿಸಿ, ರಸೀದಿ ನೋಡಿ. ಮೂರು ತಿಂಗಳು ನಡೆಸಿದ ಮೇಲೆ ಸಂಘವಾಗಿ ನೋಂದಾಯಿಸುವ ಮಾತು ತಾನಾಗಿ ಬರುತ್ತದೆ.