ಅಕ್ರಿಲಿಕ್ ಕೆಲಸ ಚೊಕ್ಕವಾಗಿ ಬರಬೇಕೆ?



ಕಸೂತಿ, ಮಣಿ ಕೆಲಸದ ಜೊತೆಗೆ ಈಗ ಅಕ್ರಿಲಿಕ್ ಹಾಳೆಯ ನಾಮಫಲಕ, ರಂಗೋಲಿ ತುಂಡು, ತಾಂಬೂಲದ ಜೊತೆ ಕೊಡುವ ಸಣ್ಣ ಉಡುಗೊರೆ ಮಾಡಿಸಿ ಮಾರುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಸಣ್ಣ ಊರಿನ ಬೋರ್ಡ್ ಅಂಗಡಿಗಳಲ್ಲೂ ಲೇಸರ್ ಯಂತ್ರ ಬಂದು ಕೂತಿದೆ. ಆದರೆ "ಅಂಚೆಲ್ಲಾ ಮಸಿ ಹಿಡೀತು, ಅಕ್ಷರ ಕಾಣೋದೇ ಇಲ್ಲ, ಗಿರಾಕಿ ವಾಪಸು ಕೊಟ್ಟರು" ಎಂಬ ದೂರೂ ಇದ್ದದ್ದೇ. ಒಂದು ಫಲಕ ವಾಪಸು ಬಂದರೆ ಹಾಳೆಯ ದುಡ್ಡು, ಕಟಿಂಗ್ ಕೂಲಿ ಎರಡೂ ಹೋದವು. ಯಂತ್ರವನ್ನು ಬೈದು ಫಲವಿಲ್ಲ. ಇಡ್ಲಿಗೆ ಯಾವ ಅಕ್ಕಿ ಅಂತ ನೋಡುವ ನಾವು, ಕೆತ್ತನೆಗೆ ಯಾವ ಹಾಳೆ ಅಂತಲೂ ನೋಡಬೇಡವೆ?

ಅಕ್ರಿಲಿಕ್‌ನಲ್ಲಿ ಎರಡು ಜಾತಿ. ಎರಡು ಗಾಜಿನ ನಡುವೆ ಎರೆದು ಗಟ್ಟಿ ಮಾಡಿದ್ದು 'ಕಾಸ್ಟ್'. ಚಕ್ಕುಲಿ ಒರಳಿನಿಂದ ಹಿಟ್ಟು ಒತ್ತಿದ ಹಾಗೆ ಯಂತ್ರದಿಂದ ಒತ್ತಿ ತೆಗೆದದ್ದು 'ಎಕ್ಸ್‌ಟ್ರೂಡೆಡ್'. ಕಾಸ್ಟ್ ಹಾಳೆಯಲ್ಲಿ ಕೆತ್ತಿದರೆ ಅಕ್ಷರ ಹಾಲಿನಂತೆ ಬೆಳ್ಳಗೆ ಎದ್ದು ಕಾಣುತ್ತದೆ. ಇನ್ನೊಂದರ ಬೆಲೆ ಕಡಿಮೆ, ಕತ್ತರಿಸಲಿಕ್ಕೂ ಸಲೀಸು. ಆದರೆ ಕೆತ್ತಿದ ಅಕ್ಷರ ಮಂಕು. ಹೆಸರು ಕೆತ್ತಿಸುವುದಿದ್ದರೆ ಕಾಸ್ಟ್ ಹಾಳೆಯನ್ನೇ ಕೇಳಿ ತನ್ನಿ. ಅನುಮಾನವಿದ್ದರೆ ಮೂಲೆಯಲ್ಲಿ ಒಂದು ಚುಕ್ಕಿ ಕೆತ್ತಿಸಿ ನೋಡಿ, ಗೊತ್ತಾಗುತ್ತೆ.

ಯಂತ್ರದಲ್ಲೂ ಭೇದವಿದೆ. ನೀಲಿ ಬೆಳಕಿನ ಸಣ್ಣ ಯಂತ್ರ ಪಾರದರ್ಶಕ ಅಕ್ರಿಲಿಕ್ ಕತ್ತರಿಸಲಾರದು. ಬೆಳಕು ಕಿಟಕಿ ಗಾಜಿನಲ್ಲಿ ಹಾದಂತೆ ಹಾದುಹೋಗುತ್ತದೆ. ಇದಕ್ಕೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಬೇಕು. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದನ್ನು ಕಂಡುಹಿಡಿದ ಕುಮಾರ್ ಪಟೇಲ್ ಅವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು!

ಅಂಗಡಿಗೆ ಹೋದಾಗ ಇವಿಷ್ಟು ನೆನಪಿರಲಿ:

1. ಹಾಳೆಗೆ ಅಂಟಿಸಿದ ಕಾಗದವನ್ನು ಕೀಳಬೇಡಿ. ಹೊಗೆಯ ಕಲೆ ಅದರ ಮೇಲೇ ಉಳಿಯುತ್ತೆ. ತೆಳು ಪ್ಲಾಸ್ಟಿಕ್ ಹೊದಿಕೆಯಾದರೆ ಕರಗಿ ಅಂಚಿಗೆ ಅಂಟಬಹುದು, ಮೇಲ್ಭಾಗದ್ದನ್ನು ತೆಗೆಸಿ.

2. ಮೊದಲು ಕೆತ್ತನೆ, ಆಮೇಲೆ ಕತ್ತರಿಸುವುದು. ಕತ್ತರಿಸಿದ ತುಂಡು ಅಲುಗಿದರೆ ಅಕ್ಷರ ಸೊಟ್ಟ.

3. ಹಾಳೆ ಕೆಳಗಿನ ಜಾಲರಿಗೆ ತಾಗದಂತೆ ಸ್ವಲ್ಪ ಎತ್ತರಿಸಿ ಇಡಿಸಿ. ಇಲ್ಲದಿದ್ದರೆ ಹಿಂಬದಿಗೆ ಸುಟ್ಟ ಗುರುತು ಬೀಳುತ್ತದೆ.

4. ಕತ್ತರಿಸುವಾಗ ಗಾಳಿ ಮೆಲ್ಲಗೆ, ನಡಿಗೆ ನಿಧಾನ, ಒಂದೇ ಸಲಕ್ಕೆ ಮುಗಿಯಬೇಕು. ಆಗ ಅಂಚು ಗಾಜಿನಂತೆ ಹೊಳೆಯುತ್ತದೆ. ಗಾಳಿ ಜೋರಾದರೆ ಅಂಚು ಮಂಜು ಕಟ್ಟಿದ ಹಾಗಾಗುತ್ತದೆ. ಕೆತ್ತುವಾಗ ಮಾತ್ರ ಪುಡಿ ಹಾರಿಹೋಗಲು ಗಾಳಿ ಜೋರಿರಲಿ.

5. ಪಾರದರ್ಶಕ ಫಲಕಕ್ಕೆ ಹೆಸರನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಿಂಬದಿಯಲ್ಲಿ ಕೆತ್ತಿಸಿ. ಮುಂಬದಿ ನುಣ್ಣಗಿರುತ್ತದೆ, ಧೂಳು ಒರೆಸಲು ಸುಲಭ.

6. ಅಕ್ಷರವನ್ನೇ ಕತ್ತರಿಸಿ ತೆಗೆಸುವುದಾದರೆ ನಮ್ಮ ಒತ್ತಕ್ಷರ ಬಿಡಿಯಾಗಿ ಉದುರೀತು. ನಕ್ಷೆಯಲ್ಲೇ ಸಣ್ಣ ಕೊಂಡಿ ಹಾಕಿ ಸೇರಿಸಿಕೊಳ್ಳಿ.

ಮನೆಗೆ ತಂದ ಮೇಲೆ ಹೊಳಪು ಬರಲಿ ಅಂತ ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರಾವಣ, ಗಾಜು ಒರೆಸುವ ನೀರು ಮುಟ್ಟಿಸಲೇಬೇಡಿ. ಲೇಸರ್ ಕಂಡ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತದೆ. ಸ್ವಲ್ಪ ಸೋಪಿನ ನೀರು, ಹಳೆಯ ಮೆತ್ತನೆಯ ಪಂಚೆ ಬಟ್ಟೆ, ಅಷ್ಟೇ ಸಾಕು.

ಇನ್ನು ಸಾಲ ಮಾಡಿ ಯಂತ್ರವನ್ನೇ ಮನೆಗೆ ತರುವ ಸೋದರಿಯರಿಗೆ ಎರಡು ಮಾತು. ಅಕ್ರಿಲಿಕ್‌ನಿಂದ ಏಳುವ ಆವಿಗೆ ಬೆಂಕಿ ಹತ್ತುತ್ತದೆ. ಒಲೆಯ ಮೇಲೆ ಹಾಲಿಟ್ಟು ಹೋದರೆ ಹಾಲು ಉಕ್ಕೀತು, ಇಲ್ಲಿ ಮನೆಯೇ ಹತ್ತೀತು. ಯಂತ್ರ ನಡೆಯುವಾಗ ಪಕ್ಕದಿಂದ ಏಳಬೇಡಿ. ಹೊಗೆ ಹೊರಗೆ ಹೋಗಲು ಕೊಳವೆ, ಫ್ಯಾನು ಇರಲೇಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಪಿವಿಸಿ ಹಾಳೆಯನ್ನು ಲೇಸರಿಗೆ ಕೊಡಲೇಬಾರದು. ಅದರಿಂದ ಹೈಡ್ರೋಕ್ಲೋರಿಕ್ ಆಮ್ಲದ ವಿಷದ ಹೊಗೆ ಬರುತ್ತದೆ. ಎದೆಗೂ ಕೇಡು, ಯಂತ್ರಕ್ಕೂ ತುಕ್ಕು. ಏನೆಂದು ಗೊತ್ತಿಲ್ಲದ ಹಾಳೆ ಬೇಡವೇ ಬೇಡ.

ದೋಸೆಗೆ ಮೊದಲು ಕಾವಲಿ ಕಾದಿದೆಯೇ ಅಂತ ನೀರು ಚಿಮುಕಿಸಿ ನೋಡುತ್ತೇವಲ್ಲ, ಹಾಗೆಯೇ ಪ್ರತಿ ಹೊಸ ಹಾಳೆಯ ಚೂರಿನ ಮೇಲೆ ಮೊದಲು ಪರೀಕ್ಷೆ ಮಾಡಿಸಿ. ಆ ಚೂರಿನ ಖರ್ಚನ್ನೂ ಬೆಲೆಗೆ ಸೇರಿಸಿ ಹೇಳಿ, ಸಂಕೋಚ ಬೇಡ. ಚೊಕ್ಕ ಕೆಲಸಕ್ಕೆ ಗಿರಾಕಿ ತಾನಾಗಿ ಬರುತ್ತಾರೆ.